ಪರದೆಯೊಳಗಿನ ಪಾವಣೇರು ಮತ್ತು ಸುಜಾತಾ ಮೇಡಂ

ಸುಜಾತಾ ಮೇಡಂ ಹೊಸಬರನ್ನು ಕಂಡರೆ ಮೊದಲು ಹೆಸರು ಕೇಳುತ್ತಿರಲಿಲ್ಲ, ಮಣಿಕಟ್ಟು ಹಿಡಿಯುತ್ತಿದ್ದರು. ಕಿರುಬೆರಳಿನ ಕಡೆ ಉಬ್ಬಿರುವ ಎಲುಬಿನ ಮೇಲೆ ಹೆಬ್ಬೆರಳು ಊರಿ, "ಹದಿನೆಂಟು ವರ್ಷ ಆತು, ಇದು ನಿನ್ನ ಸಂಗಾಟ ಅದ. ಇದರ ಹೆಸರೇನು ಹೇಳು?" ಎನ್ನುತ್ತಿದ್ದರು. ಬೀದರಿನ ನರ್ಸಿಂಗ್ ಕಾಲೇಜಿಗೆ ಸೇರಿದ ಮೊದಲ ದಿನ ನನ್ನ ಕೈಯನ್ನೂ ಹಾಗೇ ಹಿಡಿದರು. ನಾನು ಭಾಲ್ಕಿಯವಳು. ಗೊತ್ತಿಲ್ಲ ಅನ್ನುವ ಮಾತು ನಮ್ಮ ಮನೆತನದಲ್ಲೇ ಯಾರ ಬಾಯಲ್ಲೂ ಬಂದಿಲ್ಲ. "ಎಲುಬು ರೀ" ಅಂದೆ. "ಎಲುಬು ಅನ್ನೋದು ನಾಯಿಗೂ ಗೊತ್ತದ" ಎಂದು ಅವರು ನಕ್ಕರು. ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ.

ಅವರು ಔರಾದಿನವರು. ಮನೆಯಲ್ಲಿ ಮರಾಠಿ, ಸಾಲಿಯಲ್ಲಿ ಕನ್ನಡ, ಪೇಟೆಯಲ್ಲಿ ದಖನಿ. ಸಿಟ್ಟು ಬಂದರೆ ಮೂರೂ ಒಟ್ಟಿಗೇ ಬರುತ್ತಿದ್ದವು. ಗಿಡ್ಡ ಆಳು, ದಪ್ಪ ಕನ್ನಡಕ, ಇಸ್ತ್ರಿ ಮಾಡಿದ ನೂಲಿನ ಸೀರೆ. ಕೂಲಿ ಮಾಡುವ ಮನೆಯಲ್ಲಿ ಹುಟ್ಟಿ, ಆ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವರು. ಮದುವೆ ಮಾಡಿಕೊಂಡಿರಲಿಲ್ಲ. ಚಿದ್ರಿಯಲ್ಲಿ ಒಂದು ಕೋಣೆ ಬಾಡಿಗೆ ಹಿಡಿದಿದ್ದರು. ಹುಣ್ಣಿಮೆಗೆ ತಪ್ಪದೆ ಬುದ್ಧವಿಹಾರಕ್ಕೆ ಹೋಗಿ ಬರುತ್ತಿದ್ದರು, ಉಳಿದ ದಿನವೆಲ್ಲ ನಮ್ಮ ಜೀವ ತಿನ್ನುತ್ತಿದ್ದರು.

ಅಂಗರಚನೆ ಕಲಿಯಲಿಕ್ಕೆ ನಮ್ಮ ಕಾಲೇಜಿನಲ್ಲಿ ಇದ್ದದ್ದು ಒಂದು ಪ್ಲಾಸ್ಟಿಕ್ ಅಸ್ಥಿಪಂಜರ. ಅದರ ಒಂದು ಪಾದ ಎಂದೋ ಕಳೆದಿತ್ತು. ನಾವು ಸೇರಿದ ವರ್ಷ ಆಡಳಿತದವರು ದೊಡ್ಡ ಟಿ.ವಿ. ತಂದು, ಅದಕ್ಕೊಂದು ಕಂಪ್ಯೂಟರ್ ಜೋಡಿಸಿ, ಹೊಸ ಸಾಫ್ಟ್‌ವೇರ್ ಹಾಕಿಸಿದರು. ಆನ್ ಮಾಡಿದರೆ ಪರದೆಯ ಮೇಲೆ ಒಬ್ಬ ಮನುಷ್ಯ ಬಂದು ನಿಲ್ಲುತ್ತಿದ್ದ. ಮೌಸ್ ಹಿಡಿದು ಅವನನ್ನು ಸುತ್ತ ತಿರುಗಿಸಬಹುದು, ಚರ್ಮ ಸುಲಿಯಬಹುದು, ಸ್ನಾಯು ಒಂದೊಂದೇ ತೆಗೆಯಬಹುದು, ಹೃದಯದ ಒಳಗೇ ಹೊಕ್ಕು ನೋಡಬಹುದು. ಮೊದಲ ದಿನ ಮೇಡಂ ಕೈ ಕಟ್ಟಿಕೊಂಡು ದೂರ ಕೂತರು. "ಇಂವಗ ಭಾರನೇ ಇಲ್ಲ ನೋಡು. ಎಲುಬು ಕೈಯಾಗ ಹಿಡದರ ತಿಳೀತದ" ಎಂದು ಮೂಗು ಮುರಿದರು. ಒಂದು ವಾರದಲ್ಲಿ ಕ್ಲಾಸಿಗಿಂತ ಮೊದಲೇ ಬಂದು ಒಬ್ಬರೇ ಅವನನ್ನು ತಿರುಗಿಸುತ್ತ ಕೂತಿರುತ್ತಿದ್ದರು. ಕರೆಯದೆ ಮನೆಗೆ ಬಂದ ನೆಂಟ ಎಂದು ಅವನಿಗೆ ಪಾವಣೇರು ಅಂತ ಹೆಸರಿಟ್ಟರು. "ಪಾವಣೇರನ್ನ ಎಬ್ಬಸವ್ವ. ಚರ್ಮ ತಗಿ, ಜರಾ ಸಾವಕಾಶ, ಅವರಿಗೂ ಮರ್ಯಾದಿ ಅದ."

ಕಮಠಾಣದ ರೇಣುಕಾ ಕುರಿ ಸಾಕುವವರ ಮನೆಯ ಹುಡುಗಿ. ಪಾವಣೇರ ಹೊಟ್ಟೆ ತೆರೆದ ದಿನ ಅವಳು ಎದ್ದು ನಿಂತು, "ಮೇಡಂ, ನಮ್ಮ ಕುರಿಗಿ ಹೊಟ್ಟಿಯಾಗ ನಾಲ್ಕು ಕೋಣಿ ಅವ ರೀ. ಇವರಿಗಿ ಒಂದೇ ಏನ್ರಿ?" ಎಂದು ಮರುಗಿದಳು. ಮೇಡಂ ನಗುತ್ತ ನಗುತ್ತ ಕುರ್ಚಿ ಹಿಡಿದುಕೊಂಡರು. ಆಮೇಲೆ ಅದೇ ಪ್ರಶ್ನೆ ಹಿಡಿದು ಒಂದು ತಾಸು ಪಾಠ ಮಾಡಿದರು. ಅಂಥ ಮಾಸ್ತರಿಕೆ ನಾನು ಮತ್ತೆಲ್ಲೂ ಕಂಡಿಲ್ಲ.

ದಸರೆ ಮುಗಿದ ಮೇಲೆ ಒಂದು ದಿನ ಮೂತ್ರಪಿಂಡದ ಪಾಠ ನಡೆದಿತ್ತು. ಮೌಸ್ ನನ್ನ ಕೈಯಲ್ಲಿತ್ತು. ಮೇಡಂ ಕೋಲು ಹಿಡಿದು ಟಿ.ವಿ. ಪಕ್ಕ ನಿಂತಿದ್ದರು. ನಡುವೆ ತಂತಿ ಸಡಿಲಾಗಿ ಪರದೆ ಪೂರಾ ಕಪ್ಪಾಯಿತು. ಮೇಡಂ ನಿಲ್ಲಿಸಲಿಲ್ಲ. "ಇಲ್ಲಿ ನೋಡ್ರಿ, ಬಲಗಡಿದು ಜರಾ ಕೆಳಗ ಅದ. ಯಾಕಂದ್ರ ಮ್ಯಾಲ ಲಿವರ್ ಕುಂತದ" ಎಂದು ಕಪ್ಪು ಪರದೆಯ ಮೇಲೆ ಕೋಲು ಆಡಿಸುತ್ತಲೇ ಇದ್ದರು. ಕೋಲಿನ ತುದಿ ಎಲ್ಲಿರಬೇಕೋ ಅಲ್ಲೇ ಇತ್ತು. ಚಿತ್ರ ಮಾತ್ರ ಇರಲಿಲ್ಲ.

ನನ್ನ ಬಾಯಿ ಎಂದಾದರೂ ತಡೆದೀತೇ! "ಮೇಡಂ, ಟಿ.ವಿ. ಬಂದ್ ಬಿದ್ದದ್ರಿ!" ಎಂದು ಕೂಗಿದೆ.

ಅವರು ಕೋಲಿನಿಂದ ಪರದೆಯನ್ನು ಎರಡು ಸಲ ಕುಟ್ಟಿದರು. ಆಮೇಲೆ, "ಗೊತ್ತದ. ನಿಮ್ಮ ತಲಿಯೊಳಗ ಪಾವಣೇರು ನಿಂತಾರೋ ಇಲ್ಲೋ ನೋಡ್ಲತ್ತಿದ್ದೆ" ಅಂದರು. ಹುಡುಗಿಯರೆಲ್ಲ ವಾಹ್ ವಾಹ್ ಅಂದರು. ನಾನು ಎಲ್ಲರಿಗಿಂತ ಹತ್ತಿರ ಕೂತಿದ್ದೆ. ಅವರ ಇನ್ನೊಂದು ಕೈ ಟಿ.ವಿ.ಯ ಅಂಚನ್ನು ತಡವುತ್ತಿತ್ತು.

ಕ್ಲಾಸು ಮುಗಿದ ಮೇಲೆ ನನ್ನೊಬ್ಬಳನ್ನೇ ನಿಲ್ಲಿಸಿಕೊಂಡರು. "ನಂದಾ, ನಿನಗ ತಿಳೀತಲ್ಲ?"

"ತಿಳೀತ್ರಿ."

"ಶುಗರ್ ನೋಡವ್ವ. ಕಣ್ಣಿನ ಒಳಗ ರಕ್ತ ಇಳದದ. ಹೈದರಾಬಾದಿಗಿ ಹೋಗಿ ಎರಡು ಸಲ ಲೇಸರ್ ಹೊಡಿಸಿಕೊಂಡು ಬಂದೆ. ಬಿಸಿಲು ತಿಳೀತದ, ನೆರಳು ತಿಳೀತದ. ಮಾರಿ ತಿಳ್ಯಂಗಿಲ್ಲ."

ಪ್ರಿನ್ಸಿಪಾಲರಿಗೆ ಹೇಳಿಬಿಡಿ ಅಂದೆ. ಅವರು ತಲೆ ಅಲ್ಲಾಡಿಸಿದರು. "ಹೇಳಿದರ ನಾಳಿಗೇ ಮನಿಗಿ ಕಳಸ್ತಾರ. ನಿಮ್ಮ ಬ್ಯಾಚಿನ ಪರೀಕ್ಷಾ ಒಂದು ಮುಗೀಲಿ. ಆಮ್ಯಾಲ ನಾನೇ ಕಾಗದ ಬರದು ಕೊಟ್ಟು, ನನ್ನ ಕಾಲಿಲೇ ನಡಕೊಂಡು ಹೊರಗ ಹೋಗ್ತೇನಿ. ಇಷ್ಟೇ ನನ್ನ ಆಸೆ. ನೀ ನನ್ನ ಕಣ್ಣಾಗು ಅನ್ನಂಗಿಲ್ಲ ನಾನು. ಬಾಯಿ ಮುಚ್ಚಬ್ಯಾಡ, ಅಷ್ಟೇ ಸಾಕು."

ನೀವೇ ಹೇಳಿ, ಹುಟ್ಟಿದಾಗಿನಿಂದ ಎಲ್ಲರಿಂದ ಬಾಯಿ ಮುಚ್ಚು ಬಾಯಿ ಮುಚ್ಚು ಅಂತ ಬೈಸಿಕೊಂಡವಳಿಗೆ ಮೊದಲ ಸಲ ಒಬ್ಬರು ಹೀಗೆ ಕೇಳಿದರೆ ಹೇಗಾಗಬೇಡ! ಎದೆ ಉಬ್ಬಿಸಿಕೊಂಡು ಹಾಸ್ಟೆಲಿಗೆ ಹೋದೆ.

ಮರುದಿನ ಮೇಡಂ ಹೊಸ ಕಾಯಿದೆ ಸಾರಿದರು. ಮೌಸ್ ಯಾರ ಕೈಯಲ್ಲಿದೆಯೋ ಅವರು ಮಾಡಿದ್ದನ್ನೆಲ್ಲ ಒದರಿ ಹೇಳಬೇಕು. "ಚರ್ಮ ತೆಗದೇನ್ರಿ. ಎದಿಗೂಡು ತೆಗದೇನ್ರಿ. ಎಡಕ್ಕ ತಿರುವೇನ್ರಿ. ಈಗ ಬೆನ್ನು ಕಾಣ್ತದ್ರಿ." ನಾವು ಹೇಳುತ್ತಿದ್ದೆವು, ಅವರ ಕೋಲು ನಮ್ಮ ಮಾತಿನ ಹಿಂದೆ ಬಂದು ಸರಿಯಾದ ಜಾಗಕ್ಕೆ ಕೂರುತ್ತಿತ್ತು. ಹಾಸ್ಟೆಲಿನ ಊಟದ ಮನೆಯಲ್ಲಿ ಹುಡುಗಿಯರು "ರೊಟ್ಟಿ ತೆಗದೇನ್ರಿ, ಪಲ್ಯಾ ಕಾಣವಲ್ದರಿ" ಎಂದು ಅಣಕಿಸಿ ಬಿದ್ದು ಬಿದ್ದು ನಗುತ್ತಿದ್ದರು. ಆದರೆ ಬಾಯಿಂದ ಹೇಳಿ ಹೇಳಿ ಪಾಠ ಎಲ್ಲರ ತಲೆಯಲ್ಲಿ ಅಚ್ಚೊತ್ತಿತು. ಒಳ್ಳೆಯ ಪದ್ಧತಿ ಎಂದು ಪ್ರಿನ್ಸಿಪಾಲರೇ ಹೊಗಳಿದರು. ಗುಟ್ಟು ನಮ್ಮಿಬ್ಬರಲ್ಲೇ ಉಳಿಯಿತು. ಬಹಳ ಸಲ ಮೌಸ್ ನನಗೇ ಬರುತ್ತಿತ್ತು.

ಸಂಜೆ ಅವರನ್ನು ಚಿದ್ರಿಯ ಕೋಣೆಗೆ ಬಿಟ್ಟು ಬರುವುದೂ ನನ್ನ ಕೆಲಸವಾಯಿತು. ರಸ್ತೆ ದಾಟುವಾಗ ಕೈ ಹಿಡಿಯಲು ಹೋದರೆ ಕೊಸರಿಕೊಳ್ಳುತ್ತಿದ್ದರು. "ಕೈ ಹಿಡಿಬ್ಯಾಡ. ನೀ ಮಾತಾಡ್ಕೋತ ಮುಂದ ನಡಿ, ನಾ ನಿನ್ನ ದನಿ ಹಿಂದ ಬರ್ತೇನಿ. ಹಚ್ಚು ನಿನ್ನ ಭಾಲ್ಕಿ ರೇಡಿಯೋ." ನಾನು ಹಚ್ಚುತ್ತಿದ್ದೆ. ನಮ್ಮ ಓಣಿಯ ಜಗಳ, ನಮ್ಮವ್ವನ ಎಮ್ಮೆ, ವಾರ್ಡನ್ನಿನ ಗೊರಕೆ, ಎಲ್ಲ. ಅವರು ಹಿಂದೆ ನಗುತ್ತ ಬರುತ್ತಿದ್ದರು. ನನ್ನ ಜೀವನದಲ್ಲಿ ನನ್ನ ಮಾತು ಒಬ್ಬರಿಗೆ ಉಪಯೋಗಕ್ಕೆ ಬಂದದ್ದು ಆ ಐದು ತಿಂಗಳು.

ಪರೀಕ್ಷೆಗೆ ಇನ್ನು ಆರು ವಾರ ಇರುವಾಗ ಕಾಲೇಜಿನ ತಪಾಸಣೆಗೆ ಹೊರಗಿನಿಂದ ಮೂವರು ಬಂದರು. ಹೊಸ ಟಿ.ವಿ. ತೋರಿಸುವ ಉಮೇದಿನಲ್ಲಿ ಪ್ರಿನ್ಸಿಪಾಲರು ಅವರನ್ನು ನಮ್ಮ ಕ್ಲಾಸಿಗೇ ಕರೆತಂದರು. ಅವತ್ತು ಹೃದಯದ ಪಾಠ. ನಾನು ಎಂದಿನಂತೆ, "ಎದಿಗೂಡು ತೆಗದೇನ್ರಿ, ಹೃದಯ ಬಂತ್ರಿ" ಎಂದು ಶುರು ಮಾಡಿದೆ. ಬಂದವರಲ್ಲಿ ಎತ್ತರದ ಸಾಹೇಬರೊಬ್ಬರು ಮುಖ ಸಿಂಡರಿಸಿ, "ಈ ಹುಡುಗಿ ಏನು ಕಾಮೆಂಟರಿ ಹೇಳ್ತಿದಾಳೆ? ಸುಮ್ಮನಿರಮ್ಮ, ಮೇಡಂ ಪಾಠ ಮಾಡಲಿ" ಅಂದರು.

"ಸರ್, ಅದು ನಮ್ಮ ಪದ್ಧತಿ ಅದರಿ" ಅಂದರು ಮೇಡಂ.

"ಪದ್ಧತಿ ಆಮೇಲೆ ನೋಡೋಣ. ನೀವು ಮುಂದುವರಿಸಿ."

ಅವರ ಬೆನ್ನ ಹಿಂದಿನಿಂದ ಪ್ರಿನ್ಸಿಪಾಲರು ನನ್ನ ಕಡೆ ನೋಡಿ ತುಟಿಯ ಮೇಲೆ ಬೆರಳಿಟ್ಟರು. ಮೇಡಂ ಪಾಠ ಶುರು ಮಾಡಿದರು. ಹೃದಯ ಪರದೆಯ ಮೇಲೆ ಇದ್ದಲ್ಲೇ ಇತ್ತು, ಕೋಲೂ ಸರಿಯಾಗಿತ್ತು. ಆಗ ಆ ಸಾಹೇಬರು ಬಗ್ಗಿ, ಏನೂ ಹೇಳದೆ, ನನ್ನ ಕೈಯಿಂದ ಮೌಸ್ ತೆಗೆದುಕೊಂಡರು. ಹೊಸ ಆಟಿಕೆ ಸಿಕ್ಕ ಮಗುವಿನಂತೆ ಪಾವಣೇರನ್ನು ಗಿರಗಿರ ತಿರುಗಿಸಿದರು, ಮೇಲೆ ಕೆಳಗೆ ಎಳೆದರು, ಹತ್ತಿರ ತಂದರು. ಕೊನೆಗೆ ಒಂದು ಅಂಗಾಲು ಇಡೀ ಟಿ.ವಿ. ತುಂಬಿ ನಿಂತಿತು.

ಮೇಡಂ ಆ ಅಂಗಾಲಿನ ಮೇಲೆ ಕೋಲಿಟ್ಟು, "ಇದು ಎಡಗಡಿ ಕೆಳಗಿನ ಕೋಣಿ. ಇಲ್ಲಿಂದ ರಕ್ತ ಮೈಗೆಲ್ಲ ಹೊಂಡತದ" ಅಂದರು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

"ಮೇಡಂ, ನೀವು ತೋರಿಸ್ತಿರೋದು ಏನು?" ಸಾಹೇಬರು ಕೇಳಿದರು.

"ಹೃದಯ ಸರ್."

"ಸರಿಯಾಗಿ ನೋಡಿ ಹೇಳಿ."

ಮೇಡಂ ಪರದೆಯ ಕಡೆ ತಿರುಗಲಿಲ್ಲ. ನಾನು ಕೂತ ಕಡೆ ಮುಖ ತಿರುಗಿಸಿ ಕಾದರು. ಪಾದ ಬಂದದ್ರಿ, ಅಷ್ಟು ಅಂದಿದ್ದರೆ ಸಾಕಿತ್ತು. ಹೃದಯದಿಂದ ಹೊರಟ ರಕ್ತ ಅಂಗಾಲಿನ ತನಕ ಹೇಗೆ ಹೋಗುತ್ತದೆ ಎಂದು ಅವರು ಅಲ್ಲಿಂದಲೇ ಪಾಠ ಎತ್ತಿಕೊಂಡು ಸಾಹೇಬರ ಬಾಯಿ ಕಟ್ಟಿಸುತ್ತಿದ್ದರು. ಅವರಿಗೆ ಅದೇನು ದೊಡ್ಡದಲ್ಲ. ನನ್ನಿಂದ ಬೇಕಿದ್ದದ್ದು ಎರಡು ಶಬ್ದ. ನನ್ನ ಬಾಯಿ ತೆರೆಯಲಿಲ್ಲ. ಪ್ರಿನ್ಸಿಪಾಲರ ಬೆರಳು ಇನ್ನೂ ತುಟಿಯ ಮೇಲೇ ಇತ್ತು, ನಾನು ಹೆದರಿದೆ. ಇದಕ್ಕಿಂತ ದೊಡ್ಡ ಕಾರಣ ಹುಡುಕಿ ಹುಡುಕಿ ಸಾಕಾಗಿದೆ, ಸಿಕ್ಕಿಲ್ಲ.

ಮೇಡಂ ಮೇಜಿನ ಅಂಚು ತಡವಿ ಕೋಲು ಕೆಳಗಿಟ್ಟರು. "ಸರ್, ನನಗ ಕಾಣಂಗಿಲ್ರಿ. ಭಾಳ ದಿನ ಆತು. ಹುಡುಗ್ಯಾರದು ಏನೂ ತಪ್ಪಿಲ್ಲ" ಅಂದರು. ಪ್ರಿನ್ಸಿಪಾಲರು ಜವಾನನಿಗೆ ಸನ್ನೆ ಮಾಡಿದರು. ಅವನು ಮೇಡಂ ಕೈ ಹಿಡಿದು ನಮ್ಮ ಬೆಂಚುಗಳ ನಡುವಿನಿಂದ ಹೊರಗೆ ಕರೆದುಕೊಂಡು ಹೋದ. ಅವರು ಕೊಸರಿಕೊಳ್ಳಲಿಲ್ಲ. ಅದನ್ನು ನಾನು ಇದೇ ಕಣ್ಣಿಂದ ನೋಡಿದೆ.

ಆ ವಾರವೇ ಮೇಡಂ ಅವರ ತಮ್ಮ ಬಂದು ಅವರನ್ನು ಔರಾದಿಗೆ ಕರೆದುಕೊಂಡು ಹೋದ. ರೇಣುಕಾ ಮತ್ತು ಉಳಿದವರು ಚಿದ್ರಿಗೆ ಹೋಗಿ ಸಾಮಾನು ಕಟ್ಟಿಕೊಟ್ಟರು. ನಾನು ತಲೆನೋವೆಂದು ಹೊದ್ದು ಮಲಗಿದ್ದೆ. ಫಲಿತಾಂಶ ಬಂದ ದಿನ ಫೋನಿನಲ್ಲಿ ಅವರ ಹೆಸರು ಬಂತು. ಗಂಟೆ ಬಾರಿಸಿ ಬಾರಿಸಿ ನಿಂತಿತು, ಮತ್ತೊಮ್ಮೆ ಬಾರಿಸಿತು. ನಾನು ನೋಡುತ್ತ ಕೂತೆ, ಎತ್ತಲಿಲ್ಲ. ಅವರು ಕಲಿಸಿದ ವಿಷಯದಲ್ಲಿ ಇಡೀ ಕಾಲೇಜಿಗೆ ನಾನೇ ಮೊದಲು ಬಂದಿದ್ದೆ. ಯಾವ ಬಾಯಿಂದ ಹೇಳಲಿ?

ಓದು ಮುಗಿದು ಬೀದರಿನಲ್ಲೇ ಒಂದು ದವಾಖಾನೆಯಲ್ಲಿ ನೌಕರಿ ಸಿಕ್ಕಿತು. ಕಳೆದ ಚಳಿಗಾಲದ ಒಂದು ಭಾನುವಾರ ಗಟ್ಟಿ ಮನಸ್ಸು ಮಾಡಿ, ಎರಡು ಕಿಲೋ ಪೇರಲ ಹಣ್ಣು ಕಟ್ಟಿಸಿಕೊಂಡು ಔರಾದಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನೇನು ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡೆ. ಮನೆ ಸಿಕ್ಕಿತು. ಬಾಗಿಲು ತೆರೆದಿತ್ತು. ಅಂಗಳದ ಬಿಸಿಲಿನಲ್ಲಿ ಕುರ್ಚಿಯ ಮೇಲೆ ಕೂತು ಮೇಡಂ ಹಸಿ ಕಡಲೆ ಸುಲಿಯುತ್ತಿದ್ದರು. ಅರ್ಧ ಆಳಾಗಿದ್ದರು. ಕನ್ನಡಕವೂ ಇರಲಿಲ್ಲ, ಅದರ ಕೆಲಸ ಮುಗಿದಿತ್ತು.

"ಯಾರು?" ಅಂದರು.

ನಾನು ಪೇರಲ ಚೀಲವನ್ನು ಎದೆಗೆ ಅವುಚಿಕೊಂಡೆ.

"ಯಾರ್ರಿ ಬಂದವರು? ತಮ್ಮನ ಹೆಂಡತಿ ಹೊಲಕ್ಕ ಹೋಗ್ಯಾಳ. ಕುಂದ್ರಿ, ಈಗ ಬರ್ತಾಳ."

ನಾನು ನಿಂತೇ ಇದ್ದೆ. ಅವರು ಕಡಲೆ ಸುಲಿಯುವುದು ಬಿಟ್ಟು ನನ್ನ ಕಡೆ ಮುಖ ಮಾಡಿದರು. ಮತ್ತೆ ಏನೂ ಕೇಳಲಿಲ್ಲ. ನಾನು ಪೇರಲ ಚೀಲವನ್ನು ಕಟ್ಟೆಯ ಮೇಲಿಟ್ಟು, ಸಪ್ಪಳ ಮಾಡದೆ ಹೊರಗೆ ಬಂದೆ. ಬಸ್ಸಿನಲ್ಲಿ ಬಿಕ್ಕಿ ಬಿಕ್ಕಿ ಅತ್ತೆ. ಪಕ್ಕದ ಹೆಣ್ಣುಮಗಳು ಯಾರು ತೀರಿಕೊಂಡರವ್ವಾ ಎಂದು ಕೇಳಿದಳು. ಬರುವ ಭಾನುವಾರ ಹೋಗಿ ಹೇಳಿದರಾಯಿತು ಅಂದುಕೊಂಡೆ. ಹಾಗೆ ಅಂದುಕೊಳ್ಳುತ್ತಲೇ ಚಳಿ ಹೋಗಿ ಬಿಸಿಲು ಬಂತು.

ಮೇಡಂ ತೀರಿಕೊಂಡ ಸುದ್ದಿ ಕೊಟ್ಟವಳು ರೇಣುಕಾ. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದು ಎರಡು ದಿನವಾಗಿತ್ತು. ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತಿದ್ದರು. ಭಾಲ್ಕಿಯ ನಂದಾ, ಮೇಡಂ ಅವರ ಕೈಯಲ್ಲಿ ಕಲಿತವಳು ಅಂದೆ.

"ಪೇರಲ ಇಟ್ಟು ಹೋದವರು ನೀವೇ ಏನ್ರಿ?" ಅಂದರು. "ಅವತ್ತು ನಾ ಹೊಲದಿಂದ ಬಂದು, ಯಾರು ಬಂದಿದ್ದರು ಅಕ್ಕಾ ಅಂತ ಕೇಳಿದೆ. ನಂದಾ ಬಂದಿದ್ದಳು ಅಂದರು. ಅಕಿ ಮಾತಾಡಿದಳೇನು ಅಂದೆ. ಇಲ್ಲ, ಬ್ಯಾರೆ ಯಾರರ ಆಗಿದ್ದರ ಮಾತಾಡ್ತಿದ್ದರು ಅಂದರು. ಫೋನ್ ಹಚ್ಚಲೇನು ಅಂದೆ. ಬ್ಯಾಡ, ಹೆದರ್ಯಾಳ, ತಾನೇ ಬರ್ತಾಳ ಅಂದರು ನೋಡ್ರಿ. ಆವಾಗಿಂದ ಐತವಾರ ಬಂತಂದ್ರ ಸಾಕು, ತಮ್ಮ ಬಾಜೂಕ ಇನ್ನೊಂದು ಕುರ್ಚಿ ಹಾಕಸ್ತಿದ್ದರು."

ಎಷ್ಟು ಭಾನುವಾರ ಎಂದು ನಾನು ಕೇಳಲಿಲ್ಲ. ಅಷ್ಟೂ ಭಾನುವಾರ ನನಗೆ ರಜೆ ಇತ್ತು.