ತೊಟ್ಟಿಯ ಮೀನಿಗೆ ಜೋಳದ ರೊಟ್ಟಿ

ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರ ಬಿಸಿಯಾಗಿ ಅದರೊಳಗಿನ ಜೀವಿಗಳು ಹೇಗೆ ಸತ್ತವು ಎಂದು ನಾನು ಶಹಾಪುರದ ಹೈಸ್ಕೂಲಿನಲ್ಲಿ ಪ್ರತಿ ವರ್ಷ ಪಾಠ ಹೇಳುತ್ತಿದ್ದೆ. ಪುಸ್ತಕದಲ್ಲಿ ಅದು ಇರಲಿಲ್ಲ. ನನಗೆ ಗೊತ್ತಿದೆ ಎಂದು ತೋರಿಸಿಕೊಳ್ಳುವ ಚಟ, ಅದಕ್ಕೆ ಹೇಳುತ್ತಿದ್ದೆ. ಸಮುದ್ರವನ್ನಂತೂ ನಾನು ಕಂಡೇ ಇರಲಿಲ್ಲ.

ಮದುವೆಯಾದ ವರ್ಷ ಬೇಸಿಗೆಗೆ ಕಾಲುವೆ ಬಂದ್ ಆದಾಗ, ಊರ ಮಂದಿ ಗುಂಡಿಗಳಲ್ಲಿ ಉಳಿದ ಮೀನು ಹಿಡಿದು ಸಾರು ಮಾಡಿಕೊಂಡರು. ನನ್ನ ಹೆಂಡತಿ ಮಾತ್ರ ಒಂದು ಕೊಡದ ತುಂಬ ಜೀವಂತ ಮೀನು ಹೊತ್ತು ತಂದಳು. ಅವಳು ಹೊಳೆದಂಡೆಯ ತಿಂಥಣಿಯವಳು. ಹೊಳೆ ಬತ್ತಿ ಮಡುವು ಸಣ್ಣದಾದಾಗ ಅದರೊಳಗಿನ ಮೀನನ್ನು ಆಳದ ನೀರಿಗೆ ಒಯ್ದು ಬಿಡುವುದು ಅವಳ ತವರುಮನೆಯ ರೂಢಿ.

"ಕುಡಿಯಾಕ ಅಂತ ಕಾಲುವಿಗೆ ಒಮ್ಮೆ ನೀರು ಬಿಡ್ತಾರಲ್ರಿ, ಅಲ್ಲಿತನಕ ಇವನ್ನ ಉಳಿಸೋಣ್ರಿ. ನೀವು ಸೈನ್ಸ್ ಮಾಸ್ತರು ಅದೀರಿ," ಎಂದಳು. ಕೊನೆಯ ಮಾತಿಗೆ ನಾನು ಉಬ್ಬಿಹೋದೆ.

ಅಂಗಳದ ಸಿಮೆಂಟ್ ತೊಟ್ಟಿಗೆ ಮೀನು ಬಿಟ್ಟೆವು. ಬಟ್ಟೆ ಒಗೆಯಲು ಹೊತ್ತು ತಂದ ನೀರಿನಲ್ಲೂ ಅವಳು ಅವಕ್ಕೆ ಪಾಲು ತೆಗೆಯುತ್ತಿದ್ದಳು. ಬಿಸಿಲು ಏರಿದಂತೆ ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚತೊಡಗಿದವು. ನಮ್ಮ ಕಡೆ ಯಾರಾದರೂ ಬಿಸಿಲಲ್ಲಿ ಬಂದು ಬಾಯಿ ತೆರೆದರೆ ಮೊದಲು ಕೇಳುವುದು ಊಟ ಆಯಿತೇ ಎಂದು. ನಾನೂ ಹಾಗೇ ತಿಳಿದು ರೊಟ್ಟಿ ಮುರಿದು ಹಾಕಿದೆ. ಗಬಗಬ ತಿಂದವು. ಮರುದಿನ ಇನ್ನಷ್ಟು ಬಾಯಿ ತೆರೆದವು. ಇನ್ನೆರಡು ರೊಟ್ಟಿ ಹಾಕಿ, "ಪಾಪ, ಹಸಿದಾವ," ಎಂದು ಹೆಂಡತಿಗೆ ತಿಳಿಸಿ ಹೇಳಿದೆ.

ನಾಲ್ಕನೆಯ ಮುಂಜಾನೆ ಎರಡು ಮೀಸೆ ಮೀನು ಬಿಟ್ಟು ಉಳಿದವೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅವಳು ತೊಟ್ಟಿಯ ಪಕ್ಕ ಕೂತು ಅತ್ತಳು. "ನಂದ ತಪ್ಪು. ಗುಂಡ್ಯಾಗ ಬಿಟ್ಟಿದ್ರ ಬದುಕ್ತಿದ್ವೇನೋ." ಕಾಲುವೆ ನೀರಿನಲ್ಲಿ ಹೊಲದ ಔಷಧ ಸೇರಿರಬೇಕು ಎಂದು ಗಂಭೀರವಾಗಿ ಹೇಳಿ ನಾನು ಶಾಲೆಗೆ ಹೋದೆ.

ಅಂದು ಅದೇ ಪಾಠ. "ನೀರು ಕಾದಷ್ಟೂ ಅದರಾಗಿನ ಆಕ್ಸಿಜನ್ ಕಡಿಮಿ ಆಗ್ತದ. ಆದ್ರ ಪ್ರಾಣಿ ಮೈ ಕಾದಷ್ಟೂ ಅದಕ್ಕ ಆಕ್ಸಿಜನ್ ಹೆಚ್ಚು ಬೇಕು. ತಿಂದದ್ದು ಅರಗಾಕಂತೂ ಇನ್ನೂ ಹೆಚ್ಚು. ಸಾಲಲಾರದವು ಸತ್ವು, ಅವುಗಳ ವಂಶಾನ ಅಳೀತು," ಎನ್ನುತ್ತಿದ್ದವನು ಚಾಕ್‌ಪೀಸು ಹಿಡಿದು ಹಾಗೇ ನಿಂತೆ. ಮೀನು ಬಾಯಿ ತೆರೆದದ್ದು ಉಸಿರಿಗೆ. ನಾನು ಹಾಕಿದ್ದು ರೊಟ್ಟಿ. ತಿಂದು ಮಿಕ್ಕದ್ದು ಕೊಳೆತು, ನೀರಿನಲ್ಲಿದ್ದ ಅಷ್ಟಿಷ್ಟು ಆಕ್ಸಿಜನ್ನನ್ನೂ ಮುಗಿಸಿತ್ತು. ಮೇಲಿನ ಗಾಳಿಯನ್ನೇ ನುಂಗಬಲ್ಲ ಮೀಸೆ ಮೀನು ಎರಡೇ ನನ್ನ ಉಪಚಾರದಿಂದ ಪಾರಾಗಿದ್ದವು.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಮನೆಗೆ ಬಂದಾಗ ಅವಳು ಉಣ್ಣದೆ ಕೂತಿದ್ದಳು, ತಾನೇ ಕೊಂದೆ ಎಂದುಕೊಂಡು. ನೋಡಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ.

ಅವಳು ಕಣ್ಣೊರೆಸಿಕೊಂಡಳು. "ಈ ಪಾಠ ಎಷ್ಟು ವರ್ಷದಿಂದ ಹೇಳಾಕತ್ತೀರಿ?"

"ಆರು ವರ್ಷ ಆತು."

"ಹುಡುಗರು ಜೀವಂತ ಅದಾರಿಲ್ರಿ?"

ಕಾಲುವೆಗೆ ನೀರು ಬಿಡುವ ತನಕ ಅವಳು ನನ್ನನ್ನು ತೊಟ್ಟಿಯ ಹತ್ತಿರ ಸುಳಿಯಗೊಡಲಿಲ್ಲ. ಆ ಎರಡು ಮೀನು ಬದುಕಿದವು.