ಹುಳುಗಳಿಗೆ ಹೇಳಿದ ಮಾತು

ತೊಂಬತ್ತರ ದಶಕ. ರೇಷ್ಮೆ ಇಲಾಖೆಯಲ್ಲಿದ್ದ ನಾನು ಜಪಾನಿನ ತಜ್ಞರೊಬ್ಬರನ್ನು ಉಮ್ಮತ್ತೂರಿಗೆ ಕರೆದೊಯ್ದೆ. ಅವರ ಭಾಷೆಯ ಹತ್ತು ಮಾತು ಚೀಟಿಯಲ್ಲಿ ಬರೆದುಕೊಂಡಿದ್ದೆ.

ಹುಳು ಸಾಕುವ ಪುಟ್ಟಮ್ಮ ಹುಳುಮನೆಯ ಬಾಗಿಲಿಗೆ ಅಡ್ಡ ನಿಂತಳು. "ಹುಳ ಜ್ವರಕ್ಕೆ ಕೂತವೆ ಸಾ. ಹೊರಗ್ನೋರ್ ಕಣ್ ಬಿದ್ರೆ ಬೆಳೆ ಓಯ್ತದೆ," ಎಂದು, ಹುಳು ಮಲಗಿವೆ ಎಂಬಂತೆ ತಜ್ಞರಿಗೆ ಕಣ್ಣು ಮುಚ್ಚಿ ತೋರಿಸಿದಳು.

ಪೊರೆ ಬಿಡುವ ಮುಂಚೆ ಹುಳುಗಳು ಮೇವು ಬಿಟ್ಟು ನಿದ್ದೆ ಹೋಗುವುದೇ ಜ್ವರ. ತಜ್ಞರು ಬಂದದ್ದು ಅದನ್ನು ನೋಡಲೆಂದೇ.

ಚೀಟಿ ನೋಡಿ "ಸುಮಿಮಾಸೆನ್" ಎಂದೆ. ಕ್ಷಮಿಸಿ ಎಂದು. ಅವರು ತಲೆಬಾಗಿ, ಕಿಟಕಿಯ ಜಾಲರಿಯ ಬಳಿ ಹೋಗಿ, ಕಣ್ಣು ಮುಚ್ಚಿಕೊಂಡು ಮೆಲ್ಲಗೆ "ಒಯಾಸುಮಿನಾಸಾಯ್" ಎಂದರು.

"ಅದೇನಂದ್ರು?" ಎಂದಳು ಪುಟ್ಟಮ್ಮ. ಆ ಮಾತೂ ಚೀಟಿಯಲ್ಲಿತ್ತು.

"ಸುಖವಾಗಿ ಮಲಗಿ ಅಂತ. ಹುಳುಗಳಿಗೆ."

ಪುಟ್ಟಮ್ಮ ತಿರುಗಿ ಒಳಗೆ ನೋಡಿದಳು. ಹುಳುಗಳು ಸೊಪ್ಪು ಮೇಯುವಾಗ ಹನಿಮಳೆಯಂತೆ ಕೇಳುವ ಸದ್ದು ಇರಲಿಲ್ಲ. ಒಳಗೆ ತಟ್ಟೆ ತುಂಬ ಹುಳುಗಳು ತಲೆಯೆತ್ತಿ, ಕದಲದೆ, ಏನೋ ಕನಸು ಕಾಣುತ್ತಿರುವಂತೆ ಇದ್ದವು.

"ಅವ್ರ್ಗೆ ಕಾಲ್ ತೊಳ್ಕಂಡು ಬರಾಕೇಳಿ," ಎಂದಳು ಕೊನೆಗೆ. ನಾನೂ ಹೆಜ್ಜೆಯಿಟ್ಟೆ.

"ನೀವ್ ಅಲ್ಲೇ ಇರಿ ಸಾ. ನಿಮ್ ಗಂಟ್ಲಿಗೆ ಎಚ್ಚರಾಗ್ಬುಡ್ತವೆ."

ಬೇವಿನ ನೆರಳಲ್ಲಿ ಕೂತೆ. ರೋಗ ಬಾರದಿರಲೆಂದು ಇಪ್ಪತ್ತು ವರ್ಷ ಹುಳುಗಳ ಮೇಲೆ ಪುಡಿ ಉದುರಿಸಿದವನು ನಾನು. ಒಂದು ದಿನವೂ ಮಾತಾಡಿಸಿರಲಿಲ್ಲ.