ಬೆಂಚಿಲ್ಲದ ಪಾಠ

“ಅಮ್ಮಾ, ಅಗಾಯ್ ಕಾಲು ಚೆನ್ನಾಗೇ ಇದೆಯಲ್ಲ, ಮತ್ಯಾಕೆ ಹಲಗೆ ಕಟ್ಕೊಂಡು ಓಡಾಡ್ತಾರೆ?” ಎಂದು ನನ್ನ ಮಗಳು ಐಝಿರೆಕ್ ಕೇಳಿದಳು. ನಮ್ಮ ನರಿನ್ ಊರಿನ ಶಾಲೆಗಳಿಗೆ ದೈಹಿಕ ಶಿಕ್ಷಣದ ಪಠ್ಯಕ್ರಮ ರೂಪಿಸುತ್ತಿರುವ ನೆರೆಮನೆಯ ಆಟದ ಮೇಷ್ಟ್ರು ಅಸಾನ್‌ಕುಲ್ ಅಗಾಯ್ (ಇಲ್ಲಿ ಮೇಷ್ಟ್ರನ್ನು ಹಾಗೇ ಕರೆಯುವುದು), ತಾವು ಆಡಿ ನೋಡದ ಆಟವನ್ನು ಕಾಗದಕ್ಕೆ ಇಳಿಸುವವರಲ್ಲ. ಈಗ ಒಂದು ಕಾಲು ಮಡಚಲಾಗದಂತೆ ಹಲಗೆ ಬಿಗಿದು, ನೀರು ತರಲು ಹೋಗುವುದೂ ಕುಪ್ಪಳಿಸುತ್ತಲೇ, ಚಹಾ ಕುಡಿಯುವುದೂ ಒಂಟಿಕಾಲಲ್ಲೇ. “ಮುದುಕಪ್ಪಾ, ಸೊಂಟ ಮುರ್ಕೊಂಡ್ರೆ ನಾನಂತೂ ನೋಡ್ಕೊಳ್ಳಲ್ಲ!” ಎಂದು ಹೆಂಡತಿ ಗದರಿದರೆ, “ಅದಕ್ಕೂ ಒಂದು ಪಾಠ ಇದೆ ಕಣೇ” ಎನ್ನುತ್ತಾರೆ. ವೈದ್ಯರ ಚೀಟಿ ತಂದ ಮಕ್ಕಳನ್ನು ಆಟದ ಹೊತ್ತಿನಲ್ಲಿ ಬೆಂಚಿನ ಮೇಲೆ ಕೂರಿಸುವುದು ಇಲ್ಲಿಯ ಪದ್ಧತಿ. ಕಾಲಿಗೆ ಕಬ್ಬಿಣದ ಪಟ್ಟಿ ಹಾಕಿಕೊಂಡ ನನ್ನ ಮಗಳೂ ಅಲ್ಲೇ ಕೂತು ಉಳಿದವರ ಕೋಟು ಕಾಯುತ್ತಾಳೆ. ಇವತ್ತು ಅಗಾಯ್ ಹಲಗೆ ಬಿಚ್ಚಿ ಬೇಲಿಯ ಬಳಿ ಬಂದರು. “ತಂಗೀ, ಆ ಬೆಂಚು ನನ್ನ ಪಠ್ಯದಲ್ಲಿಲ್ಲ. ನಾಳೆ ಮಗಳನ್ನ ಆಡೋಕೆ ಕಳಿಸ್ತೀಯಾ? ಆಟ ಚೆನ್ನಾಗಿದ್ಯೋ ಇಲ್ವೋ, ಅವಳೇ ಹೇಳ್ಬೇಕು.”